ಅಣು ಚಲನಶಾಸ್ತ್ರದ ಸಿಮ್ಯುಲೇಶನ್‌ಗೆ ರಚನೆ ಮತ್ತು ಟೋಪಾಲಜಿ ಕಡತಗಳ ತಯಾರಿ

ಪ್ರಯೋಗಶಾಲೆಗಳಲ್ಲಿ ಮಾಲಿಕ್ಯುಲರ್ ಡೈನಾಮಿಕ್ಸ್ ಎಂದು ಕರೆಯಲಾಗುವ ಅಣು ಚಲನಶಾಸ್ತ್ರವು ಅಣುವೊಂದರ ಪ್ರತಿಯೊಂದು ಪರಮಾಣುವಿನ ಮೇಲೆ ಬೀಳುವ ಬಲವನ್ನು ಲೆಕ್ಕಹಾಕಿ, ನ್ಯೂಟನ್ನನ ಚಲನೆಯ ನಿಯಮದಂತೆ ಅದು ಮುಂದಿನ ಕ್ಷಣದಲ್ಲಿ ಎಲ್ಲಿರುತ್ತದೆ ಎಂಬುದನ್ನು ಗಣಕಯಂತ್ರದಲ್ಲಿ ಕಂಡುಕೊಳ್ಳುವ ವಿಧಾನವಾಗಿದೆ. ಈ ಲೆಕ್ಕಾಚಾರಕ್ಕೆ ಮೊದಲು ಎರಡು ಬಗೆಯ ಕಡತಗಳು ಬೇಕಾಗುತ್ತವೆ. ಪರಮಾಣುಗಳು ಎಲ್ಲಿವೆ ಎಂದು ಹೇಳುವುದು ರಚನಾ ಕಡತ; ಅವು ಯಾವುವು, ಯಾವುದಕ್ಕೆ ಯಾವುದು ಬಂಧಿತವಾಗಿದೆ, ಪ್ರತಿಯೊಂದರ ವಿದ್ಯುದಾವೇಶ ಎಷ್ಟು ಎಂದು ಹೇಳುವುದು ಟೋಪಾಲಜಿ ಕಡತ. ಸಿಮ್ಯುಲೇಶನ್ ವಾರಗಟ್ಟಲೆ ನಡೆಯಬಹುದಾದರೂ ಅದರ ಫಲಿತಾಂಶದ ಯೋಗ್ಯತೆ ಬಹುಮಟ್ಟಿಗೆ ಈ ತಯಾರಿಯ ಹಂತದಲ್ಲಿಯೇ ನಿರ್ಧಾರವಾಗುತ್ತದೆ. ಇಲ್ಲಿ ಆದ ತಪ್ಪನ್ನು ತಂತ್ರಾಂಶವು ಎಲ್ಲ ಸಲವೂ ಎತ್ತಿ ತೋರಿಸುವುದಿಲ್ಲ.

ಹಿನ್ನೆಲೆ

ಪ್ರೋಟೀನೊಂದರ ಮೊದಲ ಅಣು ಚಲನಶಾಸ್ತ್ರ ಸಿಮ್ಯುಲೇಶನ್ 1977ರಲ್ಲಿ ಪ್ರಕಟವಾಯಿತು. ಮೆಕ್‌ಕ್ಯಾಮನ್, ಗೆಲಿನ್ ಮತ್ತು ಮಾರ್ಟಿನ್ ಕಾರ್ಪ್ಲಸ್ ಅವರು 58 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನನ್ನು ಸುಮಾರು 9 ಪಿಕೊಸೆಕೆಂಡುಗಳ ಕಾಲ ಅನುಸರಿಸಿದ್ದರು. ಕಾರ್ಪ್ಲಸ್, ಮೈಕೆಲ್ ಲೆವಿಟ್ ಮತ್ತು ಏರಿಯೆ ವಾರ್ಶೆಲ್ ಅವರಿಗೆ 2013ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಆರಂಭವಾಯಿತು. ಪ್ರೋಟೀನ್ ರಚನೆಯಲ್ಲಿ ಯಾವ ತಿರುಚು ಕೋನಗಳು ಸಾಧ್ಯ, ಯಾವುವು ಅಸಾಧ್ಯ ಎಂದು ತೋರಿಸುವ ರಾಮಚಂದ್ರನ್ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಪ್ರಕಟಿಸಿದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನ ಘಟಕವನ್ನು ಕಟ್ಟಿದರು. ರಚನಾ ಕಡತವನ್ನು ಪರೀಕ್ಷಿಸುವಾಗ ಇಂದಿಗೂ ಮೊದಲು ನೋಡುವುದು ಈ ನಕ್ಷೆಯನ್ನೇ.

ಉದಾಹರಣೆ: ಉಪ್ಪಾಗೆಯ ಆಮ್ಲ

ತಯಾರಿಯ ಹಂತಗಳನ್ನು ವಿವರಿಸಲು ಪರಿಚಿತ ಅಣುವೊಂದನ್ನು ತೆಗೆದುಕೊಳ್ಳಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ, ನಿಲ್ಕುಂದದಂತಹ ಘಟ್ಟದ ಊರುಗಳ ಸುತ್ತಲಿನ ಕಾಡಿನಲ್ಲಿ ಬೆಳೆಯುವ ಉಪ್ಪಾಗೆ ಮರದ ಹಣ್ಣಿನ ಸಿಪ್ಪೆಯನ್ನು ಮಳೆಗಾಲದಲ್ಲಿ ಒಲೆಯ ಕಾವಿನಲ್ಲಿ ಒಣಗಿಸಿ ಮಾರುತ್ತಾರೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಸಿಪ್ಪೆಯ ಹುಳಿಗೆ ಕಾರಣ ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲವೆಂದು ಬಹುಕಾಲ ನಂಬಲಾಗಿತ್ತು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ತೋರಿಸಿದರು. 1969ರಲ್ಲಿ ಈ ಆಮ್ಲವು ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ಕಂಡುಬಂದಿತು. ದೇಹದಲ್ಲಿ ಕೊಬ್ಬು ತಯಾರಾಗುವ ದಾರಿಯಲ್ಲಿ ಈ ಕಿಣ್ವವಿರುವುದರಿಂದ ತೂಕ ಇಳಿಸುವ ಮಾತ್ರೆಗಳಿಗಾಗಿ ಉಪ್ಪಾಗೆಗೆ ಹೊರದೇಶಗಳಲ್ಲಿ ಬೇಡಿಕೆ ಹುಟ್ಟಿತು. ಆದರೆ 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗವೊಂದರಲ್ಲಿ ಗಣನೀಯ ತೂಕ ಇಳಿಕೆ ಕಂಡುಬರಲಿಲ್ಲ. ಕಿಣ್ವಕ್ಕೆ ಅಂಟುವುದು ಒಂದು ಸಂಗತಿ, ಔಷಧವಾಗುವುದು ಇನ್ನೊಂದು. ಸಿಮ್ಯುಲೇಶನ್ ಉತ್ತರಿಸಬಲ್ಲದ್ದು ಮೊದಲನೆಯದಕ್ಕೆ ಮಾತ್ರ.

ಮಾನವ ಕಿಣ್ವಕ್ಕೆ ಹೈಡ್ರಾಕ್ಸಿಸಿಟ್ರೇಟ್ ಅಂಟಿರುವ ಸ್ಫಟಿಕ ರಚನೆಗಳು 2017ರಲ್ಲಿ ಪ್ರಕಟವಾಗಿವೆ. ಹೀಗಾಗಿ ಆರಂಭಿಕ ರಚನೆಯನ್ನು ಊಹಿಸಬೇಕಾಗಿಲ್ಲ.

ರಚನಾ ಕಡತ

ಪಿಡಿಬಿ ಮಾದರಿಯ ಕಡತದಲ್ಲಿ ಒಂದು ಪರಮಾಣುವಿಗೆ ಒಂದು ಸಾಲು. ಪರಮಾಣುವಿನ ಹೆಸರು, ಅದು ಸೇರಿದ ಅಮೈನೊ ಆಮ್ಲದ ಹೆಸರು ಮತ್ತು ಸಂಖ್ಯೆ, ಸರಪಳಿಯ ಅಕ್ಷರ, ಮೂರು ನಿರ್ದೇಶಾಂಕಗಳು ನಿಗದಿತ ಅಂಕಣಗಳಲ್ಲಿರುತ್ತವೆ. ಒಂದು ಖಾಲಿ ಜಾಗ ಹೆಚ್ಚು ಕಡಿಮೆಯಾದರೂ ಓದು ತಪ್ಪುತ್ತದೆ. ಪಿಡಿಬಿಯಲ್ಲಿ ಅಳತೆ ಆಂಗ್‌ಸ್ಟ್ರಾಮ್‌ನಲ್ಲಿ, ಗ್ರೋಮ್ಯಾಕ್ಸ್ ತಂತ್ರಾಂಶದ ಜಿಆರ್‌ಒ ಕಡತದಲ್ಲಿ ನ್ಯಾನೊಮೀಟರಿನಲ್ಲಿ ಇರುತ್ತದೆ. ಎರಡಕ್ಕೂ ಹತ್ತು ಪಟ್ಟು ಅಂತರವಿದೆ.

ಭಂಡಾರದಿಂದ ಇಳಿಸಿಕೊಂಡ ಕಡತವು ನೇರವಾಗಿ ಬಳಕೆಗೆ ಬರುವುದು ಅಪರೂಪ. ಎಕ್ಸ್-ಕಿರಣ ವಿಧಾನದಲ್ಲಿ ಜಲಜನಕದ ಪರಮಾಣುಗಳು ಸಾಮಾನ್ಯವಾಗಿ ಕಾಣುವುದಿಲ್ಲವಾದ್ದರಿಂದ ಅವನ್ನು ಸೇರಿಸಬೇಕು. ಅಲುಗಾಡುವ ಭಾಗಗಳು ಕೆಲವೊಮ್ಮೆ ಪೂರ್ತಿ ಬಿಟ್ಟುಹೋಗಿರುತ್ತವೆ. ಆ ಖಾಲಿ ಜಾಗವನ್ನು ಮಾದರಿ ಕಟ್ಟಿ ತುಂಬಬೇಕು. ಒಂದೇ ಪಾರ್ಶ್ವಸರಪಳಿಗೆ ಎರಡು ಸ್ಥಾನಗಳನ್ನು ಕೊಟ್ಟಿದ್ದರೆ ಒಂದನ್ನು ಆರಿಸಬೇಕು. ಸ್ಫಟಿಕ ಬೆಳೆಸಲು ಬಳಸಿದ ಗ್ಲಿಸರಾಲ್‌ನಂತಹ ವಸ್ತುಗಳನ್ನು ತೆಗೆಯಬೇಕು. ಆದರೆ ಕಿಣ್ವದ ಗೂಡಿನೊಳಗೆ ಕುಳಿತ ನೀರಿನ ಅಣುಗಳನ್ನೂ ಮೆಗ್ನೀಸಿಯಮ್ ಅಯಾನನ್ನೂ ಅವುಗಳೊಂದಿಗೆ ಗುಡಿಸಿ ಹಾಕಬಾರದು.

ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವು ಪ್ರತ್ಯೇಕ ಗಮನ ಬೇಡುತ್ತದೆ. ಅದರ ಉಂಗುರದ ಎರಡು ಸಾರಜನಕಗಳಲ್ಲಿ ಒಂದರ ಮೇಲೆ, ಮತ್ತೊಂದರ ಮೇಲೆ, ಅಥವಾ ಎರಡರ ಮೇಲೂ ಜಲಜನಕವಿರಬಹುದು. ತಂತ್ರಾಂಶವು ಸುತ್ತಲಿನ ಬಂಧಗಳನ್ನು ನೋಡಿ ಒಂದನ್ನು ಊಹಿಸುತ್ತದೆ. ಕಿಣ್ವದ ಕ್ರಿಯಾಸ್ಥಾನದಲ್ಲಿ ಆ ಊಹೆಯನ್ನು ಕಣ್ಣಾರೆ ನೋಡಿಯೇ ಒಪ್ಪಬೇಕು. ಸಿಟ್ರೇಟ್ ಲಯೇಸ್‌ನಲ್ಲಿ 760ನೆಯ ಹಿಸ್ಟಿಡಿನ್‌ಗೆ ಕ್ರಿಯೆಯ ಮಧ್ಯದಲ್ಲಿ ಫಾಸ್ಫೇಟ್ ಸೇರುತ್ತದೆ. ಆ ಸ್ಥಿತಿಯನ್ನು ಅಧ್ಯಯನ ಮಾಡಬೇಕಾದರೆ ಸಾಮಾನ್ಯ ಪಟ್ಟಿಯಲ್ಲಿಲ್ಲದ ಘಟಕಕ್ಕೆ ಬೇರೆಯೇ ವಿವರಣೆಯನ್ನು ಒದಗಿಸಬೇಕಾಗುತ್ತದೆ.

ಟೋಪಾಲಜಿ ಕಡತ

ಟೋಪಾಲಜಿಯಲ್ಲಿ ಪರಮಾಣುಗಳ ಪಟ್ಟಿ, ಬಂಧಗಳು, ಬಂಧಕೋನಗಳು, ತಿರುಚು ಕೋನಗಳು ಹಾಗೂ ಕೊನೆಯಲ್ಲಿ ಪೆಟ್ಟಿಗೆಯೊಳಗೆ ಯಾವ ಅಣು ಎಷ್ಟಿವೆ ಎಂಬ ಲೆಕ್ಕ ಇರುತ್ತವೆ. ಪ್ರತಿ ಬಂಧದ ಬಿಗಿತ, ಪ್ರತಿ ಜೋಡಿಯ ಆಕರ್ಷಣೆ ವಿಕರ್ಷಣೆಗಳ ಅಂಕಿಗಳು ಬರುವುದು ಬಲಕ್ಷೇತ್ರದಿಂದ. ಆಂಬರ್, ಚಾರ್ಮ್, ಗ್ರೋಮೋಸ್, ಒಪಿಎಲ್‌ಎಸ್ ಪ್ರಸಿದ್ಧ ಬಲಕ್ಷೇತ್ರ ಕುಟುಂಬಗಳು. ಪ್ರೋಟೀನಿಗೆ ಒಂದು ಕುಟುಂಬ, ಸಣ್ಣ ಅಣುವಿಗೆ ಇನ್ನೊಂದು ಎಂದು ಬೆರೆಸುವುದು ಸಲ್ಲದು. ಒಂದೊಂದರ ಅಂಕಿಗಳೂ ತಮ್ಮ ಬಳಗದೊಳಗೆ ಮಾತ್ರ ಹೊಂದಿಕೊಳ್ಳುವಂತೆ ರೂಪಿತವಾಗಿವೆ.

ಪ್ರೋಟೀನಿನ ಟೋಪಾಲಜಿಯನ್ನು ಗ್ರೋಮ್ಯಾಕ್ಸ್‌ನ ಪಿಡಿಬಿ-ಟು-ಜಿಎಂಎಕ್ಸ್ ಆಜ್ಞೆಯು ತಾನೇ ಬರೆಯುತ್ತದೆ, ಏಕೆಂದರೆ ಇಪ್ಪತ್ತು ಅಮೈನೊ ಆಮ್ಲಗಳ ವಿವರ ಅದರಲ್ಲಿ ಮೊದಲೇ ಇದೆ. ಉಪ್ಪಾಗೆಯ ಆಮ್ಲ ಅದಕ್ಕೆ ಗೊತ್ತಿಲ್ಲ. ಈ ಘಟಕ ಪಟ್ಟಿಯಲ್ಲಿಲ್ಲ ಎಂಬ ದೋಷಸಂದೇಶ ನೀಡಿ ನಿಂತುಬಿಡುತ್ತದೆ. ಆದ್ದರಿಂದ ಸಣ್ಣ ಅಣುವನ್ನು ಬೇರ್ಪಡಿಸಿ, ಆಂಬರ್ ಬಳಸುವವರು 2004ರಲ್ಲಿ ಬಂದ ಗ್ಯಾಫ್ ಮೂಲಕ, ಚಾರ್ಮ್ ಬಳಸುವವರು ಸಿಜೆನ್‌ಎಫ್‌ಎಫ್ ಮೂಲಕ ಪ್ರತ್ಯೇಕ ಟೋಪಾಲಜಿ ಪಡೆಯುತ್ತಾರೆ. ಸಿಜೆನ್‌ಎಫ್‌ಎಫ್ ಪ್ರತಿ ಅಂಕಿಯ ಜೊತೆಗೆ ದಂಡಾಂಕವನ್ನು ನೀಡುತ್ತದೆ. ಅದು 10ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಸರಿ, 50 ದಾಟಿದರೆ ವಿಸ್ತೃತ ಪರಿಶೀಲನೆ ಅಗತ್ಯ.

ಆವೇಶ ಮತ್ತು ಎಡಬಲ

ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಸೂತ್ರ ಸಿ6ಎಚ್8ಒ8, ಅಂದರೆ 22 ಪರಮಾಣುಗಳು. ದೇಹದ ಪಿಎಚ್ ಸುಮಾರು 7.4ರಲ್ಲಿ ಅದರ ಮೂರು ಕಾರ್ಬಾಕ್ಸಿಲ್ ಗುಂಪುಗಳೂ ಬಹುತೇಕ ಪ್ರೋಟಾನ್ ಕಳೆದುಕೊಂಡಿರುತ್ತವೆ. ಉಳಿಯುವುದು 19 ಪರಮಾಣುಗಳು, 18 ಬಂಧಗಳು, ಒಟ್ಟು ಆವೇಶ ಋಣ 3. ಇದೇ ಆಮ್ಲ ನೀರು ಕಳೆದುಕೊಂಡು ಉಂಗುರವಾಗಿ ಲ್ಯಾಕ್ಟೋನ್ ರೂಪ ತಾಳುವುದೂ ಉಂಟು. ಆಗ ಎರಡೇ ಕಾರ್ಬಾಕ್ಸಿಲ್ ಗುಂಪುಗಳು ಉಳಿಯುತ್ತವೆ. ಪ್ರೋಟಾನ್ ಕಳೆದ ಮೇಲೆ 17 ಪರಮಾಣುಗಳು, ಆವೇಶ ಋಣ 2. ಯಾವ ರೂಪವೆಂದು ಮೊದಲೇ ತೀರ್ಮಾನಿಸದೆ ಆವೇಶ ಲೆಕ್ಕಹಾಕುವ ಸಾಧನಕ್ಕೆ ಕಡತ ಕೊಟ್ಟರೆ ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಬೇಕಾದ್ದಕ್ಕಲ್ಲ. ಸಿದ್ಧವಾದ ಟೋಪಾಲಜಿಯಲ್ಲಿ ಬಿಡಿ ಆವೇಶಗಳ ಮೊತ್ತ ಪೂರ್ಣಾಂಕವಾಗಿರಬೇಕು. ಋಣ 2.999 ಎಂದರೆ ದಶಮಾಂಶದ ಕಡಿತ, ಋಣ 2.5 ಎಂದರೆ ಎಲ್ಲೋ ಪರಮಾಣು ತಪ್ಪಿದೆ. ಇಷ್ಟು ಆವೇಶ ಹೊತ್ತ ಅಣುವನ್ನು ನಿರ್ವಾತದಲ್ಲಿದ್ದಂತೆ ಲೆಕ್ಕಕ್ಕೆ ಒಡ್ಡಿದಾಗ ಹೈಡ್ರಾಕ್ಸಿಲ್‌ನ ಜಲಜನಕ ಪಕ್ಕದ ಕಾರ್ಬಾಕ್ಸಿಲ್ ಕಡೆಗೆ ಜಿಗಿಯಬಹುದಾದ್ದರಿಂದ, ಲೆಕ್ಕದ ಬಳಿಕ ರಚನೆಯನ್ನು ತೆರೆದು ನೋಡುವುದು ಒಳ್ಳೆಯದು.

ಇದಕ್ಕಿಂತಲೂ ಮೋಸದ ಜಾಗ ಎಡಬಲದ್ದು. ಈ ಅಣುವಿನಲ್ಲಿ ಎರಡು ಅಸಮ್ಮಿತ ಇಂಗಾಲಗಳಿದ್ದು, ನಾಲ್ಕು ಸಮಾಂಗಿಗಳು ಸಾಧ್ಯ. ಉಪ್ಪಾಗೆಯಲ್ಲಿರುವುದು 2ಎಸ್,3ಎಸ್ ರೂಪ. ಪುಂಡಿಯ ಬಳಗದ ದಾಸವಾಳ ಜಾತಿಯ ಗಿಡಗಳಲ್ಲಿ ದೊರೆಯುವುದು 2ಎಸ್,3ಆರ್ ರೂಪ. ನಾಲ್ಕಕ್ಕೂ ಬಂಧಗಳ ಪಟ್ಟಿ ಒಂದೇ. ಯಾವುದು ಎಡ, ಯಾವುದು ಬಲ ಎಂಬುದು ಟೋಪಾಲಜಿಯಲ್ಲಿ ಬರೆದಿರುವುದಿಲ್ಲ, ನಿರ್ದೇಶಾಂಕಗಳಲ್ಲಿ ಮಾತ್ರ ಅಡಗಿರುತ್ತದೆ. ಎಡಬಲದ ಗುರುತಿಲ್ಲದ ಚಪ್ಪಟೆ ಚಿತ್ರದಿಂದ ಮೂರು ಆಯಾಮದ ರಚನೆ ಕಟ್ಟಿಸಿದರೆ ತಂತ್ರಾಂಶವು ನಾಲ್ಕರಲ್ಲಿ ಯಾವುದೋ ಒಂದನ್ನು ಕೊಡುತ್ತದೆ. ಎಚ್ಚರಿಕೆಯ ಸಂದೇಶ ಬರುವುದಿಲ್ಲ, ಸಿಮ್ಯುಲೇಶನ್ ನಿರಾತಂಕವಾಗಿ ಓಡುತ್ತದೆ, ಕೊನೆಗೆ ಸಿಗುವ ಅಂಕಿ ಉಪ್ಪಾಗೆಯದ್ದಲ್ಲ. ಸ್ಫಟಿಕ ರಚನೆಯಲ್ಲಿರುವ ಅಣುವಿಗೇ ಜಲಜನಕ ಸೇರಿಸಿ ಮುಂದುವರಿಯುವುದು ಈ ಕಾರಣಕ್ಕೇ ಸುರಕ್ಷಿತ.

ಎರಡು ಕಡತಗಳ ಹೊಂದಾಣಿಕೆ

ಪ್ರೋಟೀನ್ ಮತ್ತು ಸಣ್ಣ ಅಣುವಿನ ನಿರ್ದೇಶಾಂಕಗಳನ್ನು ಒಂದೇ ಕಡತದಲ್ಲಿ ಸೇರಿಸಿ, ಸಣ್ಣ ಅಣುವಿನ ಐಟಿಪಿ ಕಡತವನ್ನು ಮುಖ್ಯ ಟೋಪಾಲಜಿಯಲ್ಲಿ ಉಲ್ಲೇಖಿಸಿದ ಮೇಲೆ ಪೆಟ್ಟಿಗೆ, ನೀರು, ಅಯಾನುಗಳು ಬರುತ್ತವೆ. ಪ್ರೋಟೀನಿನಿಂದ ಪೆಟ್ಟಿಗೆಯ ಅಂಚಿಗೆ ಸುಮಾರು 1 ನ್ಯಾನೊಮೀಟರ್ ಅಂತರ ಬಿಡುವುದು ರೂಢಿ. ಒಟ್ಟು ಆವೇಶ ಸೊನ್ನೆಯಾಗುವಂತೆ ಸೋಡಿಯಮ್ ಅಥವಾ ಕ್ಲೋರೈಡ್ ಅಯಾನುಗಳನ್ನು ನೀರಿನ ಅಣುಗಳ ಜಾಗದಲ್ಲಿ ಇಡಲಾಗುತ್ತದೆ.

ಎರಡೂ ಕಡತಗಳಲ್ಲಿ ಪರಮಾಣುಗಳ ಸಂಖ್ಯೆ ಮತ್ತು ಅಣುಗಳ ಕ್ರಮ ಒಂದೇ ಆಗಿರಬೇಕು. ಸಂಖ್ಯೆ ಹೊಂದದಿದ್ದರೆ ಜಿಆರ್‌ಒಎಂಪಿಪಿ ಆಜ್ಞೆ ನಿಲ್ಲುತ್ತದೆ. ಆಗ ವ್ಯತ್ಯಾಸದ ಸಂಖ್ಯೆಯೇ ಸುಳಿವು. ಅದು 19 ಆಗಿದ್ದರೆ ಪಟ್ಟಿಯ ಕೊನೆಯಲ್ಲಿ ಹೈಡ್ರಾಕ್ಸಿಸಿಟ್ರೇಟ್‌ನ ಸಾಲು ಬಿಟ್ಟುಹೋಗಿದೆ. 3ರ ಗುಣಕವಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ನೀರಿನ ಲೆಕ್ಕವನ್ನು.

ಬಳಿಕ ಶಕ್ತಿ ಕನಿಷ್ಠೀಕರಣ ನಡೆಸಿ ಪರಮಾಣುಗಳ ಅತಿಸಾಮೀಪ್ಯವನ್ನು ಸರಿಪಡಿಸಲಾಗುತ್ತದೆ. ಇದು ವಿಫಲವಾದರೆ ಕಾಲಹೆಜ್ಜೆಯನ್ನು ಕಿರಿದುಗೊಳಿಸಿ ಹೇಗಾದರೂ ಓಡಿಸುವುದಕ್ಕಿಂತ, ಅತಿ ಹೆಚ್ಚು ಬಲ ತೋರಿಸುತ್ತಿರುವ ಪರಮಾಣುವಿನ ಸಂಖ್ಯೆಯನ್ನು ಹಿಡಿದು ರಚನಾ ಕಡತಕ್ಕೆ ಹಿಂದಿರುಗುವುದು ಸೂಕ್ತ.

ಕರ್ನಾಟಕದಲ್ಲಿ ಸೌಲಭ್ಯ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್. ದೀರ್ಘ ಸಿಮ್ಯುಲೇಶನ್‌ಗಳಿಗೆ ಇಂತಹ ಯಂತ್ರಗಳು ಬೇಕಾದರೂ ಕಡತಗಳ ತಯಾರಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಕಾಗುತ್ತದೆ. ಗ್ರೋಮ್ಯಾಕ್ಸ್ ಮುಕ್ತ ತಂತ್ರಾಂಶವಾಗಿದ್ದು, ಪ್ರೋಟೀನ್ ಡೇಟಾ ಬ್ಯಾಂಕಿನ ರಚನೆಗಳೂ ಉಚಿತವಾಗಿ ದೊರೆಯುತ್ತವೆ.