ರಾತ್ರಿ ಹತ್ತರ ಗಡಿ

ಪುಣೆಯಲ್ಲಿ ಡಿಸೆಂಬರ್ ಬಂತೆಂದರೆ 'ಸವಾಯಿಗೆ ಹೋಗ್ತೀರಾ?' ಎಂದು ಕೇಳುತ್ತಾರೆ. ಸವಾಯಿ ಗಂಧರ್ವರೆಂದರೆ ನಮ್ಮ ಕುಂದಗೋಳದ ರಾಮಭಾವು ಎಂದು ನಾನು ಹೇಳಿದರೆ ಬ್ಯಾಂಕಿನ ಮರಾಠಿ ಗೆಳೆಯರಿಗೆ ಆಶ್ಚರ್ಯ! ಅವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಶಿಷ್ಯ ಭೀಮಸೇನ ಜೋಶಿ, ಗುರುವಿನ ನೆನಪಿಗೆ ಪುಣೆಯಲ್ಲಿ ಸಂಗೀತೋತ್ಸವ ಶುರುಮಾಡಿದರು. ಗದುಗಿನ ಕಡೆಯ ಹುಡುಗ ಪರವೂರಿನಲ್ಲಿ ಕಟ್ಟಿದ ವೇದಿಕೆ ಅದು. ಗುರುಭಗಿನಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಬಂದು ಅಲ್ಲಿ ಹಾಡುತ್ತಿದ್ದರು.

ವರ್ಗವಾಗಿ ನಾನು ಅಲ್ಲಿಗೆ ಹೋದದ್ದು ಎಂಬತ್ತರ ದಶಕದಲ್ಲಿ. ಬಯಲಲ್ಲಿ ದೊಡ್ಡ ಮಂಟಪ, ಮುಂದೆ ಎತ್ತರದ ವೇದಿಕೆ, ಕೆಳಗೆ ಜಮಖಾನೆ. ಕುರ್ಚಿಯ ಟಿಕೀಟು ನಮಗೆ ದುಬಾರಿ. ನೆಲದ ಮೇಲೆ ಕೂರುವ 'ಭಾರತೀಯ ಬೈಠಕ್'ಗೇ ನಮ್ಮ ಹಕ್ಕು. ಚಳಿಗೆ ಶಾಲು, ಡಬ್ಬಿಯಲ್ಲಿ ಅವಲಕ್ಕಿ. ನಡುರಾತ್ರಿ ದಾಟಿದ ಮೇಲೇ ಕಛೇರಿಗೆ ನಿಜವಾದ ರಂಗು. ಒಬ್ಬರು ದರ್ಬಾರಿ ಎತ್ತಿಕೊಂಡರೆ ಮತ್ತೊಬ್ಬರು ಮಾಲಕಂಸ. ಕೊನೆಯ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಭೀಮಸೇನರು ಕೂರೋರು. ಅವರದು ಮುಗಿದ ಮೇಲೆ ಗುರುವಿನ ಹಳೇ ಧ್ವನಿಮುದ್ರಿಕೆ ಹಾಕೋರು. ಅದು ಮುಗಿಯುವ ತನಕ ಯಾರೂ ಏಳುತ್ತಿರಲಿಲ್ಲ.

ನಮ್ಮ ರಾಗಗಳಿಗೆ ಜಾಗದಷ್ಟೇ ಹೊತ್ತೂ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ವರ್ಷದಲ್ಲಿ ಕೆಲವೇ ದಿನ 12ರ ತನಕ ಸರ್ಕಾರ ವಿನಾಯಿತಿ ಕೊಡಬಹುದು, ಅಷ್ಟೆ. ಸುತ್ತಮುತ್ತ ಪರೀಕ್ಷೆಗೆ ಓದುವ ಮಕ್ಕಳು, ಮಲಗಿರುವ ರೋಗಿಗಳು ಇರುತ್ತಾರೆ. ನಿಯಮವನ್ನು ನಾನು ತಪ್ಪೆನ್ನಲಾರೆ. ಆದರೆ ಕ್ಯಾಶ್ ಕೌಂಟರ್ ಮುಚ್ಚಿದ ಹಾಗೆ ಕಛೇರಿ ಮುಚ್ಚಿದರೆ ಹೇಗಪ್ಪಾ? ತೋಡಿ, ಭೈರವಗಳಿಗೆ ಬೆಳಗಿನ ಅಧಿವೇಶನ ಸಿಕ್ಕಿತು. ಸರಿರಾತ್ರಿಯ ರಾಗಗಳಿಗೆ ಸಿಕ್ಕಿದ್ದು ಏನೂ ಇಲ್ಲ. ಹತ್ತಕ್ಕೆ ಮುಗಿಸಬೇಕಾದ ಗಾಯಕರ ಕಣ್ಣು ಗಡಿಯಾರದ ಮೇಲೇ ಇದ್ದರೆ ವಿಲಂಬಿತ ಎಲ್ಲಿಂದ ಬರಬೇಕು?

2011ರಲ್ಲಿ ಭೀಮಸೇನರೂ ಹೋದರು. ಉತ್ಸವದ ಹೆಸರಿನಲ್ಲಿ ಗುರುವಿನ ಜೊತೆಗೆ ಅವರೂ ಸೇರಿದರು. 2018ರಲ್ಲಿ ಉತ್ಸವ ಮುಕುಂದನಗರದ ಮೈದಾನಕ್ಕೆ ಸ್ಥಳಾಂತರವಾಯಿತು.

ಇತ್ತ ಕುಂದಗೋಳದಲ್ಲಿ, ರಾಮಭಾವು ಶಿಷ್ಯರಿಗೆ ಪಾಠ ಹೇಳಿದ ನಾಡಿಗೇರ ವಾಡೆಯಲ್ಲೂ ಅವರ ಪುಣ್ಯತಿಥಿಗೆ ಅಹೋರಾತ್ರಿ ಗಾಯನ ನಡೆದುಬಂದಿದೆ. ಅಲ್ಲಿ ಸೇರುವ ಜನ ಪುಣೆಗೆ ಹೋಲಿಸಿದರೆ ಹಿಡಿಯಷ್ಟು. ಮೈಕು ಕೈಕೊಟ್ಟರೂ ಕೊನೆಯ ಸಾಲಿನವರಿಗೆ ತಂಬೂರಿ ಕೇಳಿಸುತ್ತದೆ.