ಅಳಿಲಿನ ಹೆಸರಿನ ವಿಮಾನ



ರೇಡಿಯೋದಲ್ಲಿ ಕೆಲಸ ಮಾಡುವವನಿಗೆ ಯಾವುದೇ ವಸ್ತು ಮೊದಲು ಪರಿಚಯವಾಗುವುದು ಅದರ ಸದ್ದಿನಿಂದ. ಈ ಸಲ ನಾನು ಹೇಳಹೊರಟಿರುವ ವಿಮಾನದ ಸದ್ದು ಶುರುವಾಗುವುದೇ ಪಟಾಕಿಯಿಂದ! ಚಾಲಕ ಕಾಕ್‌ಪಿಟ್‌ನಲ್ಲಿರುವ ಹಿಡಿ ಎಳೆಯುತ್ತಾನೆ. ಬಂದೂಕಿನಲ್ಲಿರುವಂಥ ಒಂದು ತೋಟಾ 'ಢಂ' ಎಂದು ಸಿಡಿಯುತ್ತದೆ. ಅದರ ಅನಿಲದ ಒತ್ತಡಕ್ಕೆ ಎಂಜಿನ್ ತಿರುಗಿ, ಕೆಮ್ಮಿ, ಆಮೇಲೆ ಗುರುಗುಟ್ಟತೊಡಗುತ್ತದೆ. ಬ್ಯಾಟರಿಯ ಹಂಗಿಲ್ಲ. ತೋಟಾಗಳೆಲ್ಲ ಮುಗಿಯುವುದರೊಳಗೆ ಎಂಜಿನ್ ಹತ್ತಿಕೊಳ್ಳದಿದ್ದರೆ ಕೆಳಗಿಳಿದು ಹೊಸದಾಗಿ ತುಂಬಬೇಕು, ಅಷ್ಟೇ.

ಇದರ ಹೆಸರು ಡಿ ಹ್ಯಾವಿಲೆಂಡ್ ಚಿಪ್‌ಮಂಕ್. ಉತ್ತರ ಅಮೆರಿಕದ ಪಟ್ಟೆ ಅಳಿಲಿನ ಹೆಸರು. ಇದನ್ನು ಕಟ್ಟಿದ ಕೆನಡಾದ ಕಂಪನಿಗೆ ಪ್ರಾಣಿಗಳ ಹೆಸರಿನ ಮೇಲೆ ಅದೇನೋ ಪ್ರೀತಿ. ಮುಂದೆ ಬಂದವು ಬೀವರ್, ಆಟರ್, ಕ್ಯಾರಿಬೂ. ಆಟರ್ ಮತ್ತು ಕ್ಯಾರಿಬೂಗಳನ್ನು ನಮ್ಮ ವಾಯುಪಡೆಯೂ ಹಾರಿಸಿದೆ.

ನಾನು ಚಿಪ್‌ಮಂಕ್ ಹಾರಿಸುವುದು ಮನೆಯ ಕಂಪ್ಯೂಟರಿನಲ್ಲಿ. ರೈಟ್ ಸಹೋದರರ ಹಾರಾಟದ ಶತಮಾನೋತ್ಸವದ ನೆಪದಲ್ಲಿ ಮೈಕ್ರೋಸಾಫ್ಟ್ 2003ರಲ್ಲಿ ಬಿಡುಗಡೆ ಮಾಡಿದ 'ಫ್ಲೈಟ್ ಸಿಮ್ಯುಲೇಟರ್ 2004' ಬಗ್ಗೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಅದಕ್ಕೆಂದೇ ಬ್ರಿಟನ್ನಿನ ಹವ್ಯಾಸಿಗಳು ಈ ವಿಮಾನವನ್ನು ರೂಪಿಸಿ ಎಲ್ಲರಿಗೂ ಪುಕ್ಕಟೆಯಾಗಿ ಹಂಚಿದರು. ಕಾಸಿನಾಸೆ ಇಲ್ಲದೆ ರಾತ್ರಿಗಟ್ಟಲೆ ಕೂತು ಒಂದೊಂದು ಸ್ವಿಚ್ಚನ್ನೂ ಅದರ ಜಾಗದಲ್ಲೇ ಕೂರಿಸಿದ್ದಾರೆ. ಕನ್ನಡ ಬಿ.ಎ. ಓದಿದವನಿಗೆ ಪಿಸ್ಟನ್ನಿನ ಉಸಾಬರಿ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಹಳೆಗನ್ನಡದ ಪದ್ಯವನ್ನು ಬಿಡಿಸಿ ಓದುವಾಗ ಸಿಗುವ ಸುಖವೇ ಇಲ್ಲೂ ಇದೆ ಎಂದರೆ ನಗುತ್ತಾರೆ!

ಇತಿಹಾಸಕ್ಕೆ ಬರೋಣ. 1939ರಲ್ಲಿ ಪೋಲೆಂಡಿನ ಮೇಲೆ ದಾಳಿಯಾದಾಗ ಅಲ್ಲಿಂದ ಹೊರಬಿದ್ದ ವಿಮಾನ ತಜ್ಞರಲ್ಲಿ ಯಾಕಿಮ್ಯುಕ್ ಎಂಬವರು ಒಬ್ಬರು. ಅಲೆದಲೆದು ಕೆನಡಾ ಸೇರಿದ ಅವರೇ ಚಿಪ್‌ಮಂಕ್‌ನ ಮುಖ್ಯ ವಿನ್ಯಾಸಕಾರರು. 1946ರ ಮೇ 22ರಂದು ಟೊರಾಂಟೋ ಬಳಿಯ ಡೌನ್ಸ್‌ವ್ಯೂನಲ್ಲಿ ಅದು ಮೊದಲ ಸಲ ಹಾರಿತು. ಅಲ್ಲಿಯವರೆಗೆ ಪೈಲಟ್‌ಗಳ ಅಕ್ಷರಾಭ್ಯಾಸ ಆಗುತ್ತಿದ್ದುದು ಎರಡಂತಸ್ತಿನ ರೆಕ್ಕೆಯ, ಗಾಳಿಗೆ ತೆರೆದ 'ಟೈಗರ್ ಮಾತ್'ನಲ್ಲಿ. ಚಿಪ್‌ಮಂಕ್‌ಗೆ ಒಂದೇ ಜೊತೆ ಲೋಹದ ರೆಕ್ಕೆ, ತಲೆಯ ಮೇಲೆ ಗಾಜಿನ ಮುಚ್ಚಳ. ವಿದ್ಯಾರ್ಥಿ ಮುಂದೆ, ಗುರು ಹಿಂದೆ. ಬ್ರಿಟನ್ನಿನಲ್ಲೇ ಸಾವಿರ ವಿಮಾನಗಳು ತಯಾರಾದವು. ಅವುಗಳಲ್ಲಿ 735 ಅಲ್ಲಿನ ವಾಯುಪಡೆಗೆ ಹೋದವು. ರಾಣಿ ಎಲಿಜಬೆತ್ ಅವರ ಪತಿ ಫಿಲಿಪ್ 1952ರಲ್ಲಿ ಹಾರಲು ಕಲಿತದ್ದೂ ಇದರಲ್ಲೇ.

ಪುಸ್ತಕದಲ್ಲಿ ಓದಿದರೆ ಇಷ್ಟೇ. ಸಿಮ್ಯುಲೇಟರಿನಲ್ಲಿ ಕೂತಾಗ ಬೇರೆಯೇ ಪಾಠ ಶುರುವಾಗುತ್ತದೆ. ಮೂರನೇ ಗಾಲಿ ಬಾಲದಲ್ಲಿರುವುದರಿಂದ ನೆಲದ ಮೇಲೆ ವಿಮಾನದ ಮೂಗು ಆಕಾಶ ನೋಡುತ್ತಿರುತ್ತದೆ, ಎದುರಿಗಿರುವ ದಾರಿ ಕಾಣುವುದೇ ಇಲ್ಲ. ಹಾವಿನಂತೆ ಅತ್ತಿತ್ತ ಬಳುಕುತ್ತಾ, ಪಕ್ಕದಿಂದ ಇಣುಕುತ್ತಾ ಸಾಗಬೇಕು. ಬ್ರೇಕಿಗೆ ಕೈಹಿಡಿಯೊಂದಿದೆ. ಅದನ್ನು ಒಂದೆರಡು ಹಲ್ಲಿನಷ್ಟು ಎಳೆದಿಟ್ಟರೆ ಕಾಲಿನ ಪೆಡಲ್ ಒತ್ತಿದ ಕಡೆಯ ಗಾಲಿ ಮಾತ್ರ ಹಿಡಿಯುತ್ತದೆ. ಹಾಗೆ ಎಳೆದಿಟ್ಟದ್ದನ್ನು ಓಟಕ್ಕೆ ಮುಂಚೆ ಪೂರ್ತಿ ಬಿಡಲೇಬೇಕು. ಪೆಟ್ರೋಲ್ ಎಷ್ಟಿದೆ ಎಂದು ನೋಡಲು ಕುತ್ತಿಗೆ ತಿರುಗಿಸಿ ರೆಕ್ಕೆಯ ಮೇಲೆ ಕಣ್ಣು ಹಾಯಿಸಬೇಕು, ಯಾಕೆಂದರೆ ಮಾಪಕಗಳು ಇರುವುದು ಅಲ್ಲಿ!

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಂಗತಿ. ಅಮೆರಿಕದ ಸಣ್ಣ ವಿಮಾನಗಳಲ್ಲಿ ಕಲಿತವರಿಗೆ ಓಟದ ವೇಳೆ ಮೂಗು ಎಡಕ್ಕೆ ಎಳೆಯುವುದು ಅಭ್ಯಾಸವಾಗಿರುತ್ತದೆ. ಅದಕ್ಕಾಗಿ ಅವರು ಬಲಗಾಲು ಒತ್ತುತ್ತಾರೆ. ಚಿಪ್‌ಮಂಕ್‌ನ 145 ಅಶ್ವಶಕ್ತಿಯ 'ಜಿಪ್ಸಿ ಮೇಜರ್' ಎಂಜಿನ್ ಪ್ರೊಪೆಲರನ್ನು ತಿರುಗಿಸುವುದು ಎದುರು ದಿಕ್ಕಿಗೆ. ಆದ್ದರಿಂದ ಇಲ್ಲಿ ಮೂಗು ಬಲಕ್ಕೆ ವಾಲುತ್ತದೆ, ಎಡಗಾಲಿಗೆ ಕೆಲಸ. ಇಂಗ್ಲಿಷ್ ಎಂಜಿನ್ ತಯಾರಕರ ಒಂದು ಪದ್ಧತಿ ಒಂದು ತಲೆಮಾರಿನ ಪೈಲಟ್‌ಗಳ ಎಡಗಾಲಿನಲ್ಲಿ ಉಳಿದುಬಿಟ್ಟಿತ್ತು. ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿದ ವಿಮಾನ ಇದನ್ನು ಹೇಳಲಾರದು.

ಅಂದ ಹಾಗೆ, ನೆಲದ ಮೇಲೆ ಕೂತು ಹಾರಲು ಕಲಿಸುವ ಯಂತ್ರ ಹುಟ್ಟಿದ್ದು ಸಂಗೀತ ವಾದ್ಯಗಳ ಕಾರ್ಖಾನೆಯಲ್ಲಿ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್ ಅವರ ತಂದೆ ಪಿಯಾನೋ, ಆರ್ಗನ್ ತಯಾರಿಸುತ್ತಿದ್ದರು. ಮಗ ಆರ್ಗನ್ನಿನ ತಿದಿಗಳನ್ನೇ ಒಂದು ಮರದ ಡಬ್ಬದ ಕೆಳಗೆ ಜೋಡಿಸಿ, ಅದು ವಿಮಾನದಂತೆ ಓಲಾಡುವ ಹಾಗೆ 1929ರ ಹೊತ್ತಿಗೆ ಮಾಡಿದ್ದರು. ಜನ ಅದನ್ನು ಜಾತ್ರೆಯ ಆಟಿಕೆಯಂತೆ ನೋಡಿದರು. 1934ರಲ್ಲಿ ಅಂಚೆ ಸಾಗಿಸಲು ಹೋದ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತಾಗಲೇ ಸೇನೆ ಎಚ್ಚೆತ್ತು ಆರು ಯಂತ್ರ ಕೊಂಡಿತು. ನಮ್ಮ ಹಾರ್ಮೋನಿಯಮ್ ವಾದಕರಿಗೆ ಈ ಕಥೆ ಹೇಳಿ ನೋಡಿ, ಖುಷಿಪಡುತ್ತಾರೆ.

ಚಿಪ್‌ಮಂಕ್ ಬರೀ ಶಾಲೆಯ ಮೇಷ್ಟ್ರಾಗಿ ಉಳಿಯಲಿಲ್ಲ. ಶೀತಲ ಸಮರದ ಬರ್ಲಿನ್‌ನಲ್ಲಿ ಗೂಢಚಾರಿಕೆಯನ್ನೂ ಮಾಡಿತು. ನಗರದ ಸುತ್ತ 20 ಮೈಲಿ ವೃತ್ತದಲ್ಲಿ ಹಾರುವ ಹಕ್ಕು ನಾಲ್ಕು ವಿಜೇತ ರಾಷ್ಟ್ರಗಳಿಗೂ ಇತ್ತು. ಆ ಹಕ್ಕನ್ನು ಚಲಾಯಿಸುವ ನೆಪದಲ್ಲಿ ಬ್ರಿಟಿಷರು ಗ್ಯಾಟೋ ನೆಲೆಯಿಂದ ಈ ಬಡಪಾಯಿ ತರಬೇತಿ ವಿಮಾನವನ್ನು ಹಾರಿಸುತ್ತಿದ್ದರು. ಗಾಜಿನ ಮುಚ್ಚಳ ಸರಿಸಿ, ಕೆಳಗಿನ ಸೋವಿಯೆತ್ ಸೇನಾ ಶಿಬಿರಗಳ ಫೋಟೋ ತೆಗೆಯುತ್ತಿದ್ದರು. 1990ರವರೆಗೂ ಇದು ನಡೆಯಿತು. ಹಾಗೆ ಹಾರಿದ ಒಂದು ವಿಮಾನ ಬರ್ಲಿನ್ನಿನ ಮಿತ್ರರಾಷ್ಟ್ರಗಳ ಮ್ಯೂಸಿಯಮ್ಮಿನಲ್ಲಿದೆ.

ಇದೆಲ್ಲ ಓದುತ್ತಾ, ಹಾರಿಸುತ್ತಾ ನನ್ನ ಮನಸ್ಸು ಮತ್ತೆಮತ್ತೆ ಹೋಗುವುದು ಬೆಂಗಳೂರಿಗೆ. ಅಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ 1951ರ ಆಗಸ್ಟ್‌ನಲ್ಲಿ ಮೇಲೆದ್ದ 'ಎಚ್‌ಟಿ-2' ಇದೇ ಕಾಲದ, ಇದೇ ಮೈಕಟ್ಟಿನ ವಿಮಾನ. ಒಂದರ ಹಿಂದೊಂದು ಆಸನ, ಬಾಲದಲ್ಲಿ ಗಾಲಿ. ಮೊದಲ ಮಾದರಿಗೆ ಹಾಕಿದ್ದೂ ಅದೇ ಜಿಪ್ಸಿ ಮೇಜರ್ ಎಂಜಿನ್. ಆಮೇಲೆ ಸಿರಸ್ ಮೇಜರ್ ಬಂತು. ವಿನ್ಯಾಸದ ನೇತೃತ್ವ ಡಾ. ವಿ.ಎಂ. ಘಾಟಗೆ ಅವರದು. ಜರ್ಮನಿಯ ಗಾಟಿಂಗನ್‌ನಲ್ಲಿ ಪ್ರಾಂಟ್ಲ್ ಅವರಂಥ ಮಹಾವಿಜ್ಞಾನಿಯ ಬಳಿ ಕಲಿತು ಬಂದು, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದವರು ಅವರು. ಭಾರತದಲ್ಲೇ ವಿನ್ಯಾಸಗೊಂಡು ಸಾಲಾಗಿ ತಯಾರಾದ ಮೊದಲ ವಿಮಾನ ಎಚ್‌ಟಿ-2. ಸುಮಾರು 170 ತಯಾರಾದವು. ಹನ್ನೆರಡನ್ನು ಘಾನಾ ದೇಶದ ವಾಯುಪಡೆಗೂ ಕಳಿಸಿದರು. 1960ರ ದಶಕದಿಂದ ನಮ್ಮ ಬೀದರಿನ ಆಕಾಶದಲ್ಲಿ ಎಷ್ಟೋ ಹುಡುಗರು ಇದರಲ್ಲೇ ಹಾರಲು ಕಲಿತರು.

ಚಿಪ್‌ಮಂಕ್ ಇಂದಿಗೂ ಹಾರುತ್ತಿದೆ. ಅದರ ಕೈಪಿಡಿಗಳು ಸಿಗುತ್ತವೆ, ಹಾರಿಸಿದವರು ಪುಟಗಟ್ಟಲೆ ಬರೆದಿಟ್ಟಿದ್ದಾರೆ. ಆ ಹವ್ಯಾಸಿಗಳ ಕೆಲಸ ಅಷ್ಟು ಕರಾರುವಾಕ್ಕಾದದ್ದು ಅದರಿಂದಲೇ. ಎಚ್‌ಟಿ-2ರ ಲೋಹದ ಮೈ ನಮ್ಮ ಮ್ಯೂಸಿಯಮ್ಮುಗಳಲ್ಲಿ ಉಳಿದಿದೆ, ಸಂತೋಷ. ಆದರೆ ಅದು ಓಟದಲ್ಲಿ ಎತ್ತ ಎಳೆಯುತ್ತಿತ್ತು, ಸ್ಪಿನ್‌ನಿಂದ ಎಷ್ಟು ಸುತ್ತಿಗೆ ಹೊರಬರುತ್ತಿತ್ತು, ಚಳಿಯ ಬೆಳಗ್ಗೆ ಎಂಜಿನ್ ಹೇಗೆ ಕಾಡುತ್ತಿತ್ತು? ಇವು ಇರುವುದು ಈಗ ಎಪ್ಪತ್ತು, ಎಂಬತ್ತು ದಾಟಿದ ಹಿರಿಯರ ಕೈಕಾಲುಗಳಲ್ಲಿ.

ಹೈದರಾಬಾದ್, ಪುಣೆಗಳಲ್ಲಿ ನೆಲೆಸಿರುವ ವಾಯುಪಡೆಯ ನಿವೃತ್ತ ಕನ್ನಡಿಗರೂ ನಮ್ಮ ಕೇಳುಗರೇ. ಎಚ್‌ಟಿ-2 ಹಾರಿಸಿದವರು, ರಿಪೇರಿ ಮಾಡಿದವರು, ಬೀದರಿನ ರನ್‌ವೇ ಬದಿ ನಿಂತು ನೋಡಿದವರು ಯಾರೇ ಇದ್ದರೂ ದಯವಿಟ್ಟು ನಮಗೆ ಬರೆಯಿರಿ. ಸ್ಟುಡಿಯೋಗೆ ಬಂದರೆ ಇನ್ನೂ ಒಳ್ಳೆಯದು, ಕೂತು ಧ್ವನಿಮುದ್ರಣ ಮಾಡಿಕೊಳ್ಳೋಣ. ನನ್ನ ಮೊದಲ ಪ್ರಶ್ನೆ ಈಗಲೇ ಸಿದ್ಧವಿದೆ: ಸಾರ್, ನೀವು ಒತ್ತುತ್ತಿದ್ದುದು ಎಡಗಾಲೋ, ಬಲಗಾಲೋ?