ಆಹಾರ ಪ್ರಶ್ನಾವಳಿಗಳ ಸಿಂಧುತ್ವ ಪರೀಕ್ಷೆ

ಜನರು ಏನನ್ನು, ಎಷ್ಟು ಪ್ರಮಾಣದಲ್ಲಿ, ಎಷ್ಟು ಸಲ ತಿನ್ನುತ್ತಾರೆಂದು ಕೇಳಿ ಬರೆದುಕೊಂಡ ಉತ್ತರಗಳು ಅವರ ನಿಜವಾದ ಆಹಾರ ಸೇವನೆಗೆ ಎಷ್ಟು ಹತ್ತಿರವಾಗಿವೆ ಎಂಬುದನ್ನು ಬೇರೊಂದು ಅಳತೆಯೊಡನೆ ಹೋಲಿಸಿ ತೀರ್ಮಾನಿಸುವ ವಿಧಾನ. ಆಹಾರಕ್ಕೂ ಕ್ಯಾನ್ಸರ್, ಹೃದ್ರೋಗ, ಮಧುಮೇಹಗಳಿಗೂ ಇರುವ ನಂಟನ್ನು ಹುಡುಕುವ ದೊಡ್ಡ ಅಧ್ಯಯನಗಳು ಇಂಥ ಪ್ರಶ್ನಾವಳಿಗಳನ್ನೇ ಅವಲಂಬಿಸಿವೆ. ಯೂರೋಪಿನ 10 ದೇಶಗಳಲ್ಲಿ ನಡೆದ ಎಪಿಕ್ ಅಧ್ಯಯನದಲ್ಲಿ 5 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅಷ್ಟು ಮಂದಿಯ ತಟ್ಟೆಯನ್ನು ತೂಗಿ ನೋಡುವುದು ಆಗದ ಮಾತು. ಕೇಳಿದ್ದನ್ನು ನಂಬಬಹುದೇ ಎಂಬ ಪರೀಕ್ಷೆ ಸಡಿಲವಾದರೆ ಅದರ ಮೇಲೆ ಕಟ್ಟಿದ ಆಹಾರ ಸಲಹೆಗಳೆಲ್ಲ ಸಡಿಲವಾಗುತ್ತವೆ.

ಈ ಕ್ಷೇತ್ರದ ಬಹುಪಾಲು ಪರೀಕ್ಷೆಗಳಿಗೆ ಮಾದರಿಯಾದದ್ದು ಅಮೆರಿಕದ ದಾದಿಯರ ಆರೋಗ್ಯ ಅಧ್ಯಯನ. 1976ರಲ್ಲಿ ಆರಂಭವಾದ ಇದಕ್ಕೆ 1980ರಲ್ಲಿ 61 ಆಹಾರಗಳ ಪಟ್ಟಿಯೊಂದು ಸೇರಿತು. ಕಳೆದ ಒಂದು ವರ್ಷದಲ್ಲಿ ಪ್ರತಿಯೊಂದನ್ನೂ ಎಷ್ಟು ಸಲ ತಿಂದಿರಿ ಎಂಬುದು ಪ್ರಶ್ನೆ. ವಾಲ್ಟರ್ ವಿಲೆಟ್ ಮತ್ತು ಸಂಗಡಿಗರು ಬಾಸ್ಟನ್ ಸುತ್ತಲಿನ 173 ದಾದಿಯರಿಂದ ವರ್ಷದಲ್ಲಿ ನಾಲ್ಕು ಬಾರಿ, ಒಂದೊಂದು ವಾರ, ತಿಂದದ್ದನ್ನೆಲ್ಲ ಬರೆಸಿದರು. ಆ ದಾಖಲೆಯನ್ನು ಪ್ರಶ್ನಾವಳಿಯ ಉತ್ತರಗಳ ಪಕ್ಕದಲ್ಲಿಟ್ಟು ನೋಡಿದ ಫಲಿತಾಂಶ 1985ರಲ್ಲಿ ಪ್ರಕಟವಾಯಿತು. ಒಟ್ಟು ಕ್ಯಾಲೊರಿಗೆ ಹೊಂದಿಸಿದ ಮೇಲೆ ಸಹಸಂಬಂಧದ ಗುಣಾಂಕ ಎ ಜೀವಸತ್ವಕ್ಕೆ (ಮಾತ್ರೆಗಳನ್ನು ಬಿಟ್ಟು) 0.36, ಸಿ ಜೀವಸತ್ವಕ್ಕೆ (ಮಾತ್ರೆಗಳೂ ಸೇರಿ) 0.75, ಉಳಿದವು ಇವೆರಡರ ನಡುವೆ.

ಗುಣಾಂಕ 1ಕ್ಕೆ ಸಮೀಪವಾದಷ್ಟೂ ಹೊಂದಿಕೆ ಹೆಚ್ಚು. ಆದರೆ ಅದು ಹೇಳುವುದು ಹೆಚ್ಚು ತಿನ್ನುವವರು ಯಾರು, ಕಡಿಮೆ ತಿನ್ನುವವರು ಯಾರು ಎಂಬ ಸಾಲನ್ನು ಮಾತ್ರ. ಎಲ್ಲರೂ ತಾವು ತಿಂದದ್ದರಲ್ಲಿ ಅರ್ಧವನ್ನಷ್ಟೇ ಹೇಳಿದರೂ ಗುಣಾಂಕ 1 ಆಗಿಯೇ ಇರುತ್ತದೆ. ಎರಡು ಅಳತೆಗಳ ವ್ಯತ್ಯಾಸವನ್ನೇ ನೇರವಾಗಿ ಪರಿಶೀಲಿಸುವ ಬ್ಲಾಂಡ್ ಮತ್ತು ಆಲ್ಟ್‌ಮನ್‌ರ ವಿಧಾನ (1986) ಬಳಕೆಗೆ ಬಂದದ್ದು ಈ ಕಾರಣಕ್ಕೆ.

ಇದಕ್ಕಿಂತ ಗಂಭೀರವಾದ ತೊಡಕು ಇನ್ನೊಂದಿದೆ. ದಿನಚರಿ ಬರೆಯುವವರೂ ಪ್ರಶ್ನಾವಳಿ ತುಂಬುವವರೂ ಒಬ್ಬರೇ. ಸಂಜೆಯ ಬಿಸ್ಕತ್ತನ್ನು ಒಂದರಲ್ಲಿ ಮರೆತವರು ಇನ್ನೊಂದರಲ್ಲೂ ಮರೆಯುತ್ತಾರೆ. ಎರಡಕ್ಕೂ ಪೋಷಕಾಂಶಗಳನ್ನು ಲೆಕ್ಕಹಾಕುವುದು ಅದೇ ಆಹಾರ ಸಂಯೋಜನೆಯ ಕೋಷ್ಟಕದಿಂದ. ತಪ್ಪುಗಳು ಒಂದೇ ದಿಕ್ಕಿಗೆ ವಾಲಿದಾಗ ಹೊಂದಿಕೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ನೆನಪನ್ನೂ ಮಾತನ್ನೂ ಅವಲಂಬಿಸದ ಸಾಕ್ಷ್ಯ ಬೇಕು. ಅದು ಸಿಗುವುದು ದೇಹದಿಂದಲೇ.

ಮೊದಲನೆಯದು ಗುರುತು ಹಚ್ಚಿದ ನೀರು. ಭಾರ ಜಲಜನಕ ಮತ್ತು ಆಮ್ಲಜನಕ-18 ಇರುವ ನೀರನ್ನು ಕುಡಿಸಿ, ಸುಮಾರು ಎರಡು ವಾರ ಮೂತ್ರವನ್ನು ಪರೀಕ್ಷಿಸುತ್ತಾರೆ. ಜಲಜನಕ ನೀರಾಗಿ ಮಾತ್ರ ಹೊರಹೋಗುತ್ತದೆ, ಆಮ್ಲಜನಕ ನೀರಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡರ ವೇಗದ ಅಂತರದಿಂದ ದೇಹ ವ್ಯಯಿಸಿದ ಶಕ್ತಿ ತಿಳಿಯುತ್ತದೆ. ತೂಕ ಏರಿಳಿಯದವರಲ್ಲಿ ಸೇವನೆಯೂ ಅಷ್ಟೇ. ಎರಡನೆಯದು 24 ಗಂಟೆಯ ಮೂತ್ರದ ಸಾರಜನಕ. ತಿಂದ ಪ್ರೋಟೀನಿನ ಸಾರಜನಕದಲ್ಲಿ ಸುಮಾರು ಶೇ. 80 ಮೂತ್ರದಲ್ಲಿ ಹೋಗುವುದರಿಂದ ಪ್ರೋಟೀನ್ ಸೇವನೆಯನ್ನು ಅದರಿಂದ ಲೆಕ್ಕಹಾಕಬಹುದು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1999-2000ರಲ್ಲಿ ಮೇರಿಲೆಂಡಿನ 484 ಜನರ ಮೇಲೆ ಎರಡನ್ನೂ ಪ್ರಯೋಗಿಸಿತು. ಓಪನ್ ಎಂಬ ಆ ಅಧ್ಯಯನದ ಫಲಿತಾಂಶ 2003ರಲ್ಲಿ ಬಂದಾಗ ಕ್ಷೇತ್ರವೇ ಬೆಚ್ಚಿತು. ಪ್ರಶ್ನಾವಳಿಯಲ್ಲಿ ಗಂಡಸರು ತಮ್ಮ ಶಕ್ತಿಸೇವನೆಯನ್ನು ಶೇ. 31-36ರಷ್ಟು, ಹೆಂಗಸರು ಶೇ. 34-38ರಷ್ಟು ಕಡಿಮೆ ಹೇಳಿದ್ದರು. ಹಿಂದಿನ ದಿನ ತಿಂದದ್ದನ್ನು ನೆನಪಿಸಿಕೊಂಡು ಹೇಳುವ ಕ್ರಮದಲ್ಲಿ ಈ ಕೊರತೆ ಗಂಡಸರಲ್ಲಿ ಶೇ. 12-14, ಹೆಂಗಸರಲ್ಲಿ ಶೇ. 16-20. ಮೈತೂಕ ಹೆಚ್ಚಿರುವವರು ಇನ್ನಷ್ಟು ಕಡಿಮೆ ಹೇಳುತ್ತಾರೆಂದು ಹಲವು ಅಧ್ಯಯನಗಳು ತೋರಿಸಿವೆ. ಬೊಜ್ಜಿನ ಕಾರಣಗಳನ್ನು ಹುಡುಕುವಲ್ಲಿ ಇದು ಸಣ್ಣ ದೋಷವಲ್ಲ. ಅದೇ ವರ್ಷ ಇಂಗ್ಲೆಂಡಿನ ನಾರ್ಫೋಕ್‌ನಿಂದ ಬಂದ ವರದಿಯಲ್ಲಿ, ದಿನಚರಿಯ ಅಂಕಿಗಳಲ್ಲಿ ಕಂಡ ಪರ್ಯಾಪ್ತ ಕೊಬ್ಬು ಮತ್ತು ಸ್ತನ ಕ್ಯಾನ್ಸರಿನ ನಂಟು ಅದೇ ಮಹಿಳೆಯರ ಪ್ರಶ್ನಾವಳಿಯ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ.

ಒಂದು ಸಮುದಾಯಕ್ಕೆ ಒಪ್ಪುವ ಪಟ್ಟಿ ಇನ್ನೊಂದಕ್ಕೆ ಒಪ್ಪುವುದಿಲ್ಲ. ಹುಳಿ, ಸಾರು, ಪಲ್ಯಗಳಲ್ಲಿ ಬೇಳೆ ಎಷ್ಟು, ತರಕಾರಿ ಎಷ್ಟು ಎಂಬುದು ಮನೆಯಿಂದ ಮನೆಗೆ ಬೇರೆ. ಒಗ್ಗರಣೆಯ ಎಣ್ಣೆ ತಿನ್ನುವವರಿಗೆ ಗೊತ್ತಿರುವುದಿಲ್ಲ, ಅಡುಗೆ ಮಾಡಿದವರನ್ನೇ ಕೇಳಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಪ್ಯೂರ್ ಎಂಬ ಅಂತರರಾಷ್ಟ್ರೀಯ ಅಧ್ಯಯನಕ್ಕಾಗಿ ದಕ್ಷಿಣ ಭಾರತದ ಊಟಕ್ಕೆ ತಕ್ಕ ಪ್ರಶ್ನಾವಳಿಗಳನ್ನೂ ಪೋಷಕಾಂಶಗಳ ದತ್ತಾಂಶವನ್ನೂ ಹೊಸದಾಗಿ ರೂಪಿಸಿ, ಆ ಕೆಲಸದ ವಿವರವನ್ನು 2008ರಲ್ಲಿ ಪ್ರಕಟಿಸಿದರು.

ಸೇವನೆಯ ಪ್ರಮಾಣವನ್ನೇ ಹೇಳಬಲ್ಲ ಜೈವಿಕ ಸೂಚಕಗಳು ಬೆರಳೆಣಿಕೆಯಷ್ಟು: ಶಕ್ತಿ, ಪ್ರೋಟೀನ್, ಪೊಟ್ಯಾಸಿಯಂ, ಸೋಡಿಯಂ. ಕೊಬ್ಬಿಗೆ, ನಾರಿಗೆ ಅಂಥದ್ದಿಲ್ಲ. ಖರ್ಚೂ ಹೆಚ್ಚಾದ್ದರಿಂದ ಸಾಮಾನ್ಯವಾಗಿ ಕೆಲವು ನೂರು ಜನರಲ್ಲಿ ಮಾತ್ರ ಪರೀಕ್ಷಿಸಿ, ಅಲ್ಲಿ ಕಂಡ ದೋಷದ ಪ್ರಮಾಣದಿಂದ ಇಡೀ ಅಧ್ಯಯನದ ಅಂಕಿಗಳನ್ನು ತಿದ್ದುತ್ತಾರೆ. ಒಬ್ಬ ವ್ಯಕ್ತಿ ದಿನಕ್ಕೆ ಇಷ್ಟೇ ಕ್ಯಾಲೊರಿ ತಿನ್ನುತ್ತಾನೆಂದು ಪ್ರಶ್ನಾವಳಿಯೊಂದರಿಂದಲೇ ಹೇಳಲಾಗದು.